ಬಿದ್ದ ಶಂಭುಲಿಂಗ

ಶಿಗ್ಗಾಂವಿಯ ಆ ಓಣಿಯಲ್ಲಿ ನಾಲ್ವರು ಶಂಭುಲಿಂಗರಿದ್ದರು. ಗುರುತಿಗೆ ಇರಲಿ ಎಂದು ಓಣಿಯವರು ಒಬ್ಬೊಬ್ಬನಿಗೆ ಒಂದೊಂದು ಬಾಲ ಅಂಟಿಸಿದ್ದರು. ಒಬ್ಬ ಮಾಸ್ತರ ಶಂಭುಲಿಂಗ, ಒಬ್ಬ ಟ್ರ್ಯಾಕ್ಟರ್ ಶಂಭುಲಿಂಗ, ಇನ್ನೊಬ್ಬ ಉದ್ದನ್ನ ಶಂಭುಲಿಂಗ. ಪೈಪು-ಮೋಟಾರಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ನಮ್ಮ ನಾಲ್ಕನೆಯವನು ಬಿದ್ದ ಶಂಭುಲಿಂಗ. ಹಿಂದೊಮ್ಮೆ ಯಾರದೋ ಮದುವೆಯ ಪಂಗತಿಯಲ್ಲಿ ಸಾರಿನ ಬಕೀಟು ಹಿಡಿದು ಓಡುವಾಗ ಕಾಲು ಜಾರಿ, ಎರಡು ಸಾಲು ಎಲೆಗಳ ನಡುವೆ ಅಂಗಾತ ಸಾಗಿ ಬೀಗರ ಕಾಲಬುಡದಲ್ಲಿ ನಿಂತಿದ್ದ. ಅಂಗಿಗೆ ಹತ್ತಿದ ಸಾರು ಒಂದೇ ಒಗೆತಕ್ಕೆ ಹೋಯಿತು. ಹೆಸರು ಮಾತ್ರ ಹೋಗಲಿಲ್ಲ.

ಇಂಥವನಿಗೆ ಫೋನಿನಲ್ಲಿ ಒಂದು ಆಟ ಸಿಕ್ಕಿತು. ನಾಲ್ಕು ಗಾಲಿಯ ಹಲಗೆಯ ಮೇಲೆ ನಿಂತ ಹುಡುಗನೊಬ್ಬ ಯಾವುದೋ ದೂರದ ಪಟ್ಟಣದ ಕಟ್ಟೆ, ಕಂಬಿ, ಮೆಟ್ಟಿಲುಗಳನ್ನೆಲ್ಲ ಹಾರುತ್ತ ಹೋಗುತ್ತಾನೆ. ಅದಕ್ಕೆ ಸ್ಕೇಟ್‌ಬೋರ್ಡು ಅನ್ನುತ್ತಾರಂತೆ. ಹುಡುಗ ಹಾರುವುದಕ್ಕಿಂತ ಬೀಳುವುದೇ ಹೆಚ್ಚು. ಆದರೆ ಬಿದ್ದವನು ರೆಪ್ಪೆ ಬಡಿಯುವಷ್ಟರಲ್ಲಿ ಎದ್ದು ಮತ್ತೆ ಹಲಗೆ ಏರಿರುತ್ತಾನೆ. ಯಾರೂ ನಗುವುದಿಲ್ಲ, ಹೆಂಗ ಬಿದ್ದಿ ಎಂದು ಯಾರೂ ಕೇಳುವುದಿಲ್ಲ, ಬಿದ್ದದ್ದಕ್ಕೊಂದು ಹೆಸರಿಡುವುದಂತೂ ಇಲ್ಲವೇ ಇಲ್ಲ. ಶಂಭುಲಿಂಗನಿಗೆ ಆ ಪಟ್ಟಣದಲ್ಲೇ ಒಂದು ಬಾಡಿಗೆ ಮನೆ ಹಿಡಿದು ಇದ್ದುಬಿಡೋಣ ಅನ್ನಿಸುತ್ತಿತ್ತು.

ಆ ರವಿವಾರ ಸಂಜೆ ಹಾನಗಲ್ಲಿನ ಕುಬೇರಪ್ಪ ತಮ್ಮ ಮಗಳು ತನುಜಾಳನ್ನು ಕರೆದುಕೊಂಡು ಮನೆ ನೋಡಲು ಬರುವವರಿದ್ದರು. ಹಿಂದಿನ ವಾರವೇ ಶಂಭುಲಿಂಗ ಹೋಗಿ ಹುಡುಗಿಯನ್ನು ನೋಡಿ ಬಂದಿದ್ದ. ಅವಳು ಚಹಾ ಕೊಟ್ಟು, ತಲೆ ತಗ್ಗಿಸದೆ, ನೆಟ್ಟಗೆ ಅವನ ಮುಖ ನೋಡಿ ನಕ್ಕಿದ್ದಳು. ಅಂದಿನಿಂದ ಅವನಿಗೆ ಅಂಗಡಿಯಲ್ಲಿ ಒಂದಿಂಚಿನ ಪೈಪು ಯಾವುದು, ಎರಡಿಂಚಿನದು ಯಾವುದು ತಿಳಿಯದಂತಾಗಿತ್ತು. ಹಾನಗಲ್ಲಿಗೆ ಇನ್ನೂ ಅವನ ಹೆಸರಿನ ಬಾಲ ಮುಟ್ಟಿರಲಿಲ್ಲ. ನಿಶ್ಚಯ ಆಗುವ ತನಕ ಮುಟ್ಟದಿರಲಿ ಎಂಬುದೊಂದೇ ಅವನ ಬೇಡಿಕೆ.

ಸಂಜೆಯ ತನಕ ಹೊತ್ತು ಹೋಗದೆ ಮುಂಜಾನೆಯೇ ಹಿತ್ತಲ ಬಾಗಿಲಲ್ಲಿ ಕುಳಿತು ಆಟ ಹಚ್ಚಿದ. ಹನ್ನೆರಡು ಮೆಟ್ಟಿಲಿನ ಒಂದು ಜಾಗದಲ್ಲಿ ಅವನ ಹುಡುಗ ತಿಂಗಳಿಂದ ಮುಗ್ಗರಿಸುತ್ತಿದ್ದ. ಅಂದೂ ಮುಗ್ಗರಿಸಿದ. ಶಂಭುಲಿಂಗ ಅಯ್ಯಪ್ಪಾ ಎಂದು ನರಳಿದ್ದು ಕೇಳಿ ಪಕ್ಕದ ಮನೆಯ ಸಾವಂತ್ರವ್ವ ಗೋಡೆಯ ಮೇಲೆ ಇಣುಕಿ, ಏನಾಯಿತು ಎಂದು ಕೇಳಿದಳು. ಆಡುವವರಿಗೆ ಒಂದು ರೂಢಿ ಇರುತ್ತದೆ. ಬೀಳುವವನು ಫೋನಿನೊಳಗಿನವನಾದರೂ ಅವರು ತಾವೇ ಬಿದ್ದೆವು ಅನ್ನುತ್ತಾರೆ.

"ಮೆಟ್ಟಲದ ಮ್ಯಾಲಿಂದ ಬಿದ್ದೆ ಅಕ್ಕಾ. ಸೊಂಟದ ಮ್ಯಾಲ ಬಿದ್ದೆ," ಅಂದ ಶಂಭುಲಿಂಗ, ತಲೆ ಎತ್ತದೆ.

ಗೋಡೆಯ ಮೇಲಿನ ಮುಖ ಮಾಯವಾಯಿತು. ಅವನಿಗೆ ಎಚ್ಚರವಾಗುವಷ್ಟರಲ್ಲಿ ಮುಂಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದಿತ್ತು. ಬಿದ್ದವರನ್ನು ಮಾತಾಡಿಸಲು ಬರಿಗೈಲಿ ಬರುವ ಪದ್ಧತಿ ಆ ಓಣಿಯಲ್ಲಿಲ್ಲ. ಒಬ್ಬರು ಬ್ರೆಡ್ಡು, ಒಬ್ಬರು ಬಿಸ್ಕೀಟು, ಮತ್ತೊಬ್ಬರು ಬಾಳೆಹಣ್ಣು ತಂದು, ಬೀಗರಿಗೆಂದು ತಾಯಿ ವೀರವ್ವ ಸವಣೂರಿನಿಂದ ತರಿಸಿಟ್ಟ ಖಾರದ ತಿಂಡಿಯ ತಾಟಿನ ಪಕ್ಕದಲ್ಲೇ ಒಟ್ಟಿದರು. ದುಂಡಸಿಯ ಸೋದರಮಾವ ಶಿದ್ಲಿಂಗಪ್ಪನಿಗೆ ಸುದ್ದಿ ಹೇಗೆ ಮುಟ್ಟಿತೋ, ಮೂಳೆಗೆ ಕಟ್ಟುವ ಸೊಪ್ಪನ್ನು ಚೀಲದಲ್ಲಿ ಹಿಡಿದು ಬಸ್ಸಿನಲ್ಲಿ ಬಂದಿಳಿದ. ಬಂದವರ ಬಾಯಲ್ಲೆಲ್ಲ ಒಂದೇ ಮಾತು. ಬಿದ್ದ ಶಂಭುಲಿಂಗ ಮತ್ತ ಬಿದ್ದನಂತ.

ಶಂಭುಲಿಂಗ ಎದ್ದು ನಿಂತ, ಬಗ್ಗಿದ, ಕುಣಿದೂ ತೋರಿಸಿದ. ನೋವು ನುಂಗಿಕೊಂಡು ಹಾಗೆ ಮಾಡುತ್ತಿದ್ದಾನೆಂದು ಹೆಂಗಸರು ಕಣ್ಣೊರೆಸಿಕೊಂಡರು. ಕೊನೆಗೆ ಚಹಾದಂಗಡಿಯ ಗೋಣೆಪ್ಪನ ಕೈಗೆ ಫೋನು ಕೊಟ್ಟು, ಬಿದ್ದವನು ಇವನು ಎಂದು ತೋರಿಸಿದ.

ಗೋಣೆಪ್ಪ ಬಹಳ ಹೊತ್ತು ನೋಡಿದ. "ಇಂವ ಯಾರು?"

"ನಾನ," ಅಂದ ಶಂಭುಲಿಂಗ.

ಗೋಣೆಪ್ಪ ಫೋನು ವಾಪಸು ಕೊಟ್ಟು, ವೀರವ್ವನ ಕಡೆ ತಿರುಗಿ ದನಿ ತಗ್ಗಿಸಿದ. "ಅವ್ವಾ, ತಲಿಗೂ ಪೆಟ್ಟಾಗೇತಿ."

ಮೂರು ಗಂಟೆಯಾದರೂ ಯಾರೂ ಏಳಲಿಲ್ಲ. ಬೀಗರು ಬರುತ್ತಾರೆಂದು ಗೊತ್ತಾದ ಮೇಲಂತೂ ಇನ್ನೂ ನಾಲ್ಕು ಮಂದಿ ಬಂದು ಕುಳಿತರು. ಶಂಭುಲಿಂಗನಿಗೆ ಅಳುವುದೊಂದೇ ಬಾಕಿ ಉಳಿಯಿತು. ಎಲ್ಲರೆದುರು ಕೈ ಜೋಡಿಸಿ, ನೀವು ಕುಳಿತುಕೊಳ್ಳಿ, ತಿನ್ನಿ, ಏನು ಬೇಕಾದರೂ ಮಾಡಿ, ಹಾನಗಲ್ಲಿನವರ ಎದುರು ಆ ಹೆಸರೊಂದನ್ನು ಮಾತ್ರ ಎತ್ತಬೇಡಿ ಎಂದು ಬೇಡಿಕೊಂಡ. ಅವನ ಮುಖ ನೋಡಿ ಓಣಿಯವರ ಕರುಳು ಚುರ್ ಎಂದಿತು. ಆ ಹೆಸರು ಅವನಿಗೆ ಇಷ್ಟು ಚುಚ್ಚುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ. ಸಾವಂತ್ರವ್ವ ಮೊದಲು ಮಾತು ಕೊಟ್ಟಳು, ಉಳಿದವರೂ ಕೊಟ್ಟರು.

ನಾಲ್ಕಕ್ಕೆ ಕಾರು ಬಂತು. ಕುಬೇರಪ್ಪ ಎತ್ತಿನ ವ್ಯಾಪಾರದಲ್ಲಿ ಕೂದಲು ನರೆಸಿಕೊಂಡವರು. ತುಂಬಿದ ಪಡಸಾಲೆ, ರಾಶಿ ಬ್ರೆಡ್ಡು, ಕಣ್ಣು ಕೆಂಪಾದ ಹೆಂಗಸರನ್ನು ನೋಡಿ ಹೊಸ್ತಿಲಲ್ಲೇ ನಿಂತು, ಮನೆಯಲ್ಲಿ ಏನಾದರೂ ಆಗಬಾರದ್ದು ಆಗಿದೆಯೇ ಎಂದು ವಿಚಾರಿಸಿದರು. ಓಣಿ ತನ್ನ ಮಾತು ಉಳಿಸಿಕೊಂಡಿತು. ಹುಟ್ಟಿದಾಗಿನಿಂದ ಅವನನ್ನು ಏನಲೇ ಎಂದೇ ಕರೆದ ಗೋಣೆಪ್ಪ ಸಭೆಯಲ್ಲಿ ಭಾಷಣಕ್ಕೆ ನಿಂತವನಂತೆ "ಶ್ರೀ ಶಂಭುಲಿಂಗ ಅವರು" ಅಂದ. ಆದರೆ ಸಾವಂತ್ರವ್ವ ಮಾತು ಕೊಟ್ಟದ್ದು ಹೆಸರಿನ ಬಗ್ಗೆ ಮಾತ್ರ. ಮುಂಜಾನೆ ಹುಡುಗ ಮೆಟ್ಟಿಲಿಂದ ಬಿದ್ದ ಸಂಗತಿಯನ್ನು ಅವಳು ಸವಿಸ್ತಾರವಾಗಿ ಹೇಳಿಬಿಟ್ಟಳು.

ತಾನು ಬಿದ್ದೇ ಇಲ್ಲ, ಹನ್ನೆರಡು ಮೆಟ್ಟಿಲಿನಿಂದ ಬಿದ್ದದ್ದು ಫೋನಿನ ಆಟದ ಹಲಗೆಯ ಹುಡುಗ ಎಂದು ಶಂಭುಲಿಂಗ ಹೇಳಿದಷ್ಟೂ ಕುಬೇರಪ್ಪನವರ ಹುಬ್ಬು ಮೇಲೇರಿತು. ಕುಂಟೆತ್ತನ್ನು ಮಾರುವವರೂ ಹೀಗೇ ಹೇಳುವುದನ್ನು ಅವರು ಸಂತೆಯಲ್ಲಿ ಕೇಳಿದ್ದರು. ಅವನನ್ನು ಅಂಗಳದಲ್ಲಿ ಒಮ್ಮೆ ಅತ್ತ, ಒಮ್ಮೆ ಇತ್ತ ನಡೆಸಿದರು. ಹಿಂದಿನಿಂದ ಕಾಲು ನೋಡಿದರು. ಹಲ್ಲು ನೋಡುವುದೊಂದು ಬಿಟ್ಟರು.

"ಒಂದಿಷ್ಟು ಕಟ್ಟಿ ಇಳದು ತೋರಸ್ರಿ," ಅಂದರು.

ತನುಜಾ ಕಾರಿನ ಬಾಗಿಲಿಗೆ ಆತುಕೊಂಡು ನೋಡುತ್ತಿದ್ದಳು. ಮೂರು ಮೆಟ್ಟಿಲಿನ ಕಟ್ಟೆ, ಮುದುಕರೂ ಇಳಿಯುವಂಥದ್ದು. ಶಂಭುಲಿಂಗ ಸುಮ್ಮನೆ ಇಳಿಯಬಹುದಿತ್ತು. ಆದರೆ ಅವಳು ನೋಡುತ್ತಿದ್ದಾಳೆಂಬ ಹುರುಪಿಗೆ ಎರಡೂ ಕೈ ಚಾಚಿ, ಫೋನಿನ ಹುಡುಗನಂತೆ ಹಾರಿಬಿಟ್ಟ. ಬೀಗರು ಬರುತ್ತಾರೆಂದು ವೀರವ್ವ ಅಂಗಳವನ್ನು ಆಗಷ್ಟೇ ಸಗಣಿ ಹಾಕಿ ಸಾರಿಸಿದ್ದಳು.

ಬಿದ್ದವನು ರೆಪ್ಪೆ ಬಡಿಯುವಷ್ಟರಲ್ಲಿ ಏಳಲಿಲ್ಲ. ಕಾಲಿನೊಳಗೆ ಲಟ್ ಎಂದದ್ದು ಅವನಿಗೇ ಕೇಳಿಸಿತ್ತು. ಅದಕ್ಕಿಂತ ಹೆಚ್ಚು ನೋಯಿಸಿದ್ದು ಸುತ್ತಲಿನ ಮೌನ. ಓಣಿಯವರೆಲ್ಲ ತುಟಿ ಬಿಗಿದು, ಬಾಯಿಗೆ ಬಂದ ಆ ಹೆಸರನ್ನು ಕಷ್ಟಪಟ್ಟು ನುಂಗುತ್ತಿದ್ದರು. ಎಲ್ಲ ಮುಗಿಯಿತು ಅನ್ನಿಸಿ ಶಂಭುಲಿಂಗ ಕಣ್ಣು ಮುಚ್ಚಿಕೊಂಡ.

ಕುಬೇರಪ್ಪನವರೇ ಅವನನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ದವಾಖಾನೆಗೆ ಜೊತೆಗೆ ಯಾರು ಬರುತ್ತೀರಿ ಎಂದರೆ ಓಣಿಯವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

"ಮುಂಜಾನೇನ ಮಾತಾಡಿಸೇವಲ್ರಿ," ಅಂದ ಗೋಣೆಪ್ಪ. ಶಿದ್ಲಿಂಗಪ್ಪನಿಗೆ ದುಂಡಸಿಯ ಬಸ್ಸು ತಪ್ಪುವಂತಿತ್ತು. ವೀರವ್ವ ಒಬ್ಬಳೇ ಮುಂದೆ ಹತ್ತಿ ಕುಳಿತಳು.

ತನುಜಾ ಹಿಂದೆ ಕುಳಿತು ಅವನ ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡಿದ್ದಳು. ಈಗ ಕೇಳುತ್ತಾಳೆ, ಹೆಂಗ ಬಿದ್ರಿ ಅಂತ, ಎಂದು ಶಂಭುಲಿಂಗ ಹಲ್ಲು ಕಚ್ಚಿ ಕಾದ.

"ಮಂಡಿ ನೆಟ್ಟಗಿಟ್ಟು ಇಳದ್ರಿ ನೀವು," ಅಂದಳು ಅವಳು, ಮೆಲ್ಲಗೆ. "ಇಳಿಯೂ ಮುಂದ ಬಗ್ಗಬೇಕು. ಹನ್ನೆರಡು ಮೆಟ್ಟಲದಾಗೂ ಹಂಗ ಮಾಡೇ ಬೀಳತಿರಬೇಕು."

ಶಂಭುಲಿಂಗ ನೋವು ಮರೆತು ತಲೆ ಎತ್ತಿದ. "ನೀವೂ ಆಡ್ತೀರೇನು?"

"ನಾನು ಅದನ್ನ ದಾಟಿ ಮುಂದಿನ ಊರಿಗೆ ಹೋಗೇನಿ," ಅಂದಳು ತನುಜಾ. "ಬರ್ರಿ, ಕಲಸತೇನಿ."

ಪಟ್ಟಿ ಹಾಕಿಸಿಕೊಂಡು ಮಲಗಿದಾಗ ಅವನ ಮುಖದಲ್ಲಿ ನಗು ಇತ್ತು. ಮಗಳು ಬಾಗಿಲ ಆಚೆ ನಿಂತು ಅಪ್ಪನಿಗೆ ಏನು ಹೇಳಿದಳೋ, ಕುಬೇರಪ್ಪ ಒಳಗೆ ಬಂದು, ಎತ್ತಿನ ಕಾಲು ಕೂಡುತ್ತದೆ, ಗುಣ ಕೂಡಿಸಲು ಆಗುವುದಿಲ್ಲ, ನಮ್ಮ ಒಪ್ಪಿಗೆ ಇದೆ ಅಂದರು. ವೀರವ್ವ ಕಣ್ಣೀರಿಟ್ಟಳು. ಆ ಹೆಸರು ಕೊನೆಗೂ ಯಾರ ಬಾಯಿಂದಲೂ ಬರಲಿಲ್ಲವೆಂದು ಶಂಭುಲಿಂಗ ಮನಸ್ಸಿನಲ್ಲೇ ಇಡೀ ಓಣಿಗೆ ಕೈ ಮುಗಿದ.

ಕುಬೇರಪ್ಪ ಅಲ್ಲೇ ನಿಂತು ಹಾನಗಲ್ಲಿಗೆ, ಹೆಂಡತಿಗೆ, ಫೋನು ಹಚ್ಚಿದರು. "ಹೂಂ, ಶಂಭುಲಿಂಗಗ ಗಟ್ಟಿ ಮಾಡೇವಿ. ಏ, ನಿಮ್ಮಣ್ಣ ಶಂಭುಲಿಂಗ ಅಲ್ಲ. ನಮ್ಮ ತಮ್ಮ ಶಂಭುಲಿಂಗನೂ ಅಲ್ಲ. ಈಗ ಅಂಗಳದಾಗ ಬಿದ್ದನಲ್ಲ, ಆ ಶಂಭುಲಿಂಗ. ತಡಿ, ಕೊಡ್ತೇನಿ."

ಫೋನು ಶಂಭುಲಿಂಗನ ಕಿವಿಗೆ ಬಂತು. ಅತ್ತ ಕಡೆಯ ಹೆಣ್ಣು ದನಿ ಅಕ್ಕರೆಯಿಂದ, ಯಾವ ಶಂಭುಲಿಂಗ ಮಾತಾಡುವುದು ಎಂದು ಕೇಳಿತು. ಅವನು ತನುಜಾಳ ಕಡೆ ನೋಡಿದ. ಅವಳು ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಬಿದ್ದ ಶಂಭುಲಿಂಗ ಮಾತಾಡಾಕತ್ತೇನ್ರಿ, ಅತ್ತಿ," ಅಂದ ಅವನು.