ಹುರುಳಿ ಸಾರಿನ ತಾತನಿಗೆ ತಾತ್ಕಾಲಿಕ ಹೆಸರು

ಮಲೆಯಾಳ ಸೀಮೆಯ ಗಡಿಯೂರಾದ ಬಾವಲಿಯ ನಿವೃತ್ತ ತೂಕ-ಅಳತೆ ಇನ್ಸ್‌ಪೆಕ್ಟರ್ ಜಗದೀಶ್ ಅವರಿಗೆ ಒಬ್ಬ ಮುತ್ತಾತ ಇದ್ದದ್ದು ನಿಜ. ಈ ಬಗ್ಗೆ ಸರ್ಕಾರಕ್ಕಾಗಲಿ, ನೆಂಟರಿಗಾಗಲಿ, ಅರಣ್ಯ ಇಲಾಖೆಗಾಗಲಿ ಯಾವ ತಕರಾರೂ ಇರಲಿಲ್ಲ. ಮುತ್ತಾತನಿಗೆ ಹೆಸರು ಮಾತ್ರ ಇರಲಿಲ್ಲ.

ಹುಟ್ಟಿದಾಗ ಇಟ್ಟೇ ಇರುತ್ತಾರೆ. ಆದರೆ ಮನೆಯವರೆಲ್ಲ ಅತಿ ಮರ್ಯಾದಸ್ಥರು. ಮರ್ಯಾದೆಯಿಂದಲೇ ಅದನ್ನು ಕಳೆದುಹಾಕಿದ್ದರು. ಹೆಗ್ಗಡದೇವನಕೋಟೆ ಕಡೆಯಿಂದ ಕಾಡು ದಾಟಿ ಬಂದ ಆ ಮನುಷ್ಯನನ್ನು ಹೆಂಡತಿ 'ಇವರು' ಅಂದಳು, ಸೊಸೆ 'ಅವರು' ಅಂದಳು, ಮಗ 'ಅಪ್ಪ' ಅಂದ, ಮೊಮ್ಮಕ್ಕಳು 'ತಾತ' ಅಂದವು. ಬಾವಲಿಯವರು 'ಕೋಟೆ ಕಡೆಯೋರು' ಅಂದರು. ಹೀಗೆ ಯಾರೂ ಬಳಸದೆ ಬಿಟ್ಟ ಹೆಸರು, ಬಳಸದೆ ಬಿಟ್ಟ ಕಾಲುದಾರಿಯ ಹಾಗೆ, ಕಾಡಿನಲ್ಲಿ ಮುಚ್ಚಿಹೋಯಿತು. ಉಳಿದದ್ದು ಅವರ ಊಟ. ಆ ಮನುಷ್ಯನಿಗೆ ಹುರುಳಿ ಸಾರು ಎಂದರೆ ಪ್ರಾಣ ಎಂಬ ಮಾಹಿತಿ ಮಾತ್ರ ಅಡುಗೆಮನೆಯಿಂದ ಅಡುಗೆಮನೆಗೆ ಒಂದು ಹನಿ ಚೆಲ್ಲದೆ ಬಂದಿತ್ತು.

ಮಹಾಲಯ ಅಮಾವಾಸ್ಯೆಯ ದಿನ ಈ ಮನೆಯಲ್ಲಿ ಸತ್ತ ಹಿರಿಯರಿಗೆಲ್ಲ ಒಂದೊಂದು ಬಾಳೆಲೆ ಹಾಸಿ, ಅವರವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ಪದ್ಧತಿ. ಹೆಸರು ಹಿಡಿದು ಕರೆಯುವ ಅಧಿಕಾರ ಮನೆಮಗಳದು. ಅಂದರೆ ಜಗದೀಶರ ಸೋದರತ್ತೆ ಶಿವಮ್ಮನದು. ಅತ್ತೆ ಅಂಗಳದಲ್ಲಿ ನಿಂತು ಒಬ್ಬೊಬ್ಬರನ್ನೇ ಕೂಗುತ್ತಾರೆ, ಕಾಗೆ ಬಂದು ಎಲೆ ಮುಟ್ಟುತ್ತದೆ, ಹಿರಿಯರು ಉಂಡರು ಎಂದು ತಿಳಿದು ಕಿರಿಯರು ಕೂರುತ್ತಾರೆ. ಹೋದ ವರ್ಷದ ಕಾಗೆ ಎಲ್ಲ ಎಲೆ ಮುಟ್ಟಿತು, ಹುರುಳಿ ಸಾರಿನ ಎಲೆಯನ್ನು ಮಾತ್ರ ಒಂದು ಕಣ್ಣಲ್ಲಿ ನೋಡಿ ಹಾರಿಹೋಯಿತು.

"ನೋಡಿದ್ಯಾ?" ಅಂದರು ಶಿವಮ್ಮ. "ಹೇ ಹುರುಳಿ ಸಾರಿನ ತಾತ ಅಂತ ಕೂಗಿದ್ರೆ ಯಾವ ಮರ್ಯಾದಸ್ಥ ಬರ್ತಾನೋ? ಹೋಟ್ಲಲ್ಲಿ ಬಿಲ್ಲು ಕೂಗ್ದಂಗೆ. ನಾನೂ ನಾಳೆ ನಾಡಿದ್ದು ಹೊರಡೋಳು. ಅಲ್ಲಿ ಎದುರಿಗೆ ಸಿಕ್ಕಿದ್ರೆ ಏನಂತ ಮಾತಾಡಿಸ್ಲಿ ಅವರ್ನ? ಹೆಸರು ತಗೊಂಡು ಬಾ. ಅಲ್ಲೀತನಕ ಈ ಮನೇಲಿ ನಾನು ಎಡೆ ಕರಿಯಲ್ಲ."

ಜಗದೀಶರಿಗೆ ಇದಕ್ಕಿಂತ ಸಂತೋಷದ ಸುದ್ದಿ ನಿವೃತ್ತಿಯಾದ ಮೇಲೆ ಬಂದಿರಲಿಲ್ಲ. ಅವರು ಮೈಸೂರಿನಲ್ಲಿ ಇತಿಹಾಸ ಓದಿ ಬಿ.ಎ. ಮಾಡಿದವರು, ಆ ಇತಿಹಾಸವನ್ನು ಇಡೀ ನೌಕರಿಯಲ್ಲಿ ಒಂದು ತಕ್ಕಡಿಯೂ ಕೇಳಿರಲಿಲ್ಲ. ಈಗ ಕಲ್ಪೆಟ್ಟದಲ್ಲಿ ಹೊಸದಾಗಿ 'ಪೂರ್ವಕಾಲೀನ ದಾಖಲೆಗಳ ಸಂರಕ್ಷಣಾ ಉಪಕೇಂದ್ರ' ಎಂಬ ಕಚೇರಿ ತೆರೆದಿತ್ತು. ಅಲ್ಲಿಗೆ ಮೊದಲ ಪ್ರಯಾಣದ ಸಿದ್ಧತೆ ಶುರುವಾಯಿತು. ಭೂತಗನ್ನಡಿ ಬಂತು. ಹಳೆಯ ಕಾಗದ ಮುಟ್ಟಲು ಬಿಳಿ ಹತ್ತಿಯ ಕೈಗವಸು ಬಂತು. ಅಂಥ ಜಾಗದಲ್ಲಿ ಪೆನ್ನು ನಿಷಿದ್ಧ ಎಂದು ಎಲ್ಲೋ ಓದಿ ಸೀಸದಕಡ್ಡಿಗಳನ್ನು ಈಟಿಯ ಹಾಗೆ ಚೂಪು ಮಾಡಿಟ್ಟರು. ಮೂಗಿಗೆ ಕಟ್ಟಲು ಬಟ್ಟೆ, ಮೊಣಕಾಲಿಗೆ ಎಣ್ಣೆ.

"ದಾಖಲೆ ನೋಡಕ್ಕೆ ಹೋಗ್ತಿದ್ದೀರೋ, ಆಪರೇಷನ್ ಮಾಡಕ್ಕೋ?" ಎಂದು ಹೆಂಡತಿ ಕುಸುಮಾ ಚಪಾತಿ ಕಟ್ಟಿಕೊಟ್ಟರು.

ಉಪಕೇಂದ್ರದ ಬಾಗಿಲಲ್ಲಿ ಒಂದು ಪ್ರಕಟಣೆ ಇತ್ತು: 'ಮೊದಲ ಬಾರಿಗೆ ಬರುವವರಿಗೆ ಮೊದಲ ಬಾರಿ ಪ್ರವೇಶವಿರುವುದಿಲ್ಲ. ಎರಡನೇ ಭೇಟಿಯಿಂದ ಪರಿಗಣಿಸಲಾಗುವುದು.' ಜಗದೀಶ್ ಇದನ್ನು ಓದಿ ತಲೆದೂಗಿದರು. ಕಚೇರಿಗೂ ಒಂದು ಶಿಸ್ತು ಬೇಕಲ್ಲ. ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಎರಡನೇ ಭೇಟಿ ಕೊಟ್ಟರು.

ಮೇಜಿನ ಹಿಂದೆ ಆತಿರ ಎಂಬ ಗುಮಾಸ್ತೆ ಕೂತಿದ್ದಳು. ಕಾಟಿಕ್ಕುಳದ ಹುಡುಗಿ, ಅಜ್ಜಿಯಿಂದ ಬಂದ, ಮಲೆಯಾಳ ಬೆರೆತ ಕನ್ನಡ. "ಬನ್ನಿ ಸಾರೇ, ಈಗ ಶರಿಯಾಯ್ತು. ಆಗಲೇ ನೋಡಿದ್ದೆ, ಮೊದಲ ಸಲ ಬಂದಿದ್ರಲ್ಲ, ಅದಕ್ಕೆ ನಗಲಿಲ್ಲ." ಈಗ ನಕ್ಕಳು. "ಪೂರ್ವಜರ ಹೆಸರು ಹೇಳಿ."

"ಅದನ್ನೇ ಹುಡುಕಕ್ಕೆ ಬಂದಿದ್ದೀನಮ್ಮ."

"ಹೆಸರಿಲ್ಲದೆ ಅರ್ಜಿ ನಡೆಯೂದಿಲ್ಲ ಸಾರೇ. ಏನು ಸಿಗುತ್ತೆ ಅಂತ ಮೊದಲೇ ಬರೆದು ಕೊಟ್ರೆ ಮಾತ್ರ ಹುಡುಕಬೌದು. ಇಲ್ಲಾಂದ್ರೆ ಬೇರೆ ಏನಾದ್ರೂ ಸಿಕ್ಕಿಬಿಟ್ರೆ ಯಾರು ಉತ್ತರ ಹೇಳೋದು?"

ಜಗದೀಶ್ ಯೋಚಿಸಿ ನೋಡಿದರು. ಮಾತಿನಲ್ಲಿ ತೂಕವಿತ್ತು.

"ಹುರುಳಿ ಸಾರು ಇಷ್ಟ ಅಂತ ಗೊತ್ತು," ಅಂದರು.

"ಹುರುಳಿ ಸಾರು? ನಮ್ಮ ಮುದಿರ ಕರಿ? ಅದಕ್ಕೆ ಕಾಲಂ ಇಲ್ಲ." ಆತಿರ ನಿಯಮಾವಳಿ ತಿರುವಿದಳು. "ಪೇಡಿ ಬೇಡ, ಹೆದರಬೇಡಿ, ದಾರಿ ಇದೆ. 'ಅನಾಮಧೇಯ ಪೂರ್ವಜರಿಗೆ ತನಿಖೆಯ ಸಲುವಾಗಿ ತಾತ್ಕಾಲಿಕ ಹೆಸರನ್ನು ಮಂಜೂರು ಮಾಡತಕ್ಕದ್ದು.' ಸ್ಟಾಕ್ ನೋಡ್ತೀನಿ. ಮಾದಪ್ಪ ಇತ್ತು, ಸುಲ್ತಾನ್ ಬತ್ತೇರಿಯೋರು ಅವರ ಅಜ್ಜಂಗೆ ತಗೊಂಡು ಹೋದ್ರು, ವಾಪಸ್ ಬಂದಿಲ್ಲ. ಕನ್ನಡ ಹೆಸರು ಬರೂದು ಓಣಂ ಕಳಿದ ಮೇಲೆ. ಸೋಮನ್ ಒಂದು ಇದೆ. ನಲ್ಲ ಹೆಸರು, ಒಳ್ಳೇದು. ಹೆಚ್ಚು ಬಳಸಿಲ್ಲ."

"ಸೋಮನ್," ಎಂದು ಜಗದೀಶ್ ನಾಲಗೆಯ ಮೇಲೆ ಇಟ್ಟು ನೋಡಿದರು. ಚೂರು ಬಿಗಿ ಇತ್ತು, ಹೊಸ ಚಪ್ಪಲಿಯ ಹಾಗೆ. ನಡೆದರೆ ಸಡಿಲವಾಗುತ್ತದೆ ಎಂದು ಸಹಿ ಹಾಕಿದರು.

ನಿಯಮದಲ್ಲಿ ಇನ್ನೆರಡು ಷರತ್ತುಗಳಿದ್ದವು. ಸದರಿ ಸೋಮನ್ ಸದರಿ ಸ್ಥಳದಲ್ಲಿ ವಾಸವಿದ್ದ ಬಗ್ಗೆ ನೆರೆಹೊರೆಯವರ ಹೇಳಿಕೆಯಾಗಬೇಕು. ಮತ್ತು ಹೆಸರಿಗೆ ಸ್ವತಃ ಸೋಮನ್ ಅವರ ಒಪ್ಪಿಗೆ ಬೇಕು.

"ಅವರು ತೀರಿಕೊಂಡಿದ್ದಾರಲ್ಲ," ಅಂದರು ಜಗದೀಶ್.

"ಎಲ್ಲಾ ಪೂರ್ವಜರೂ ಹಂಗೇ ಹೇಳ್ತಾರೆ ಸಾರೇ. ಅವರು ಮನೆಗೆ ಬರೂ ದಿವಸ ಯಾವುದಾದ್ರೂ ಇದೆಯಾ?"

ಇತ್ತು. ಹಾಗಾಗಿ ಮಹಾಲಯ ಅಮಾವಾಸ್ಯೆಯ ದಿನ ಸ್ಥಳ ಮಹಜರು ಎಂದು ಗೊತ್ತಾಯಿತು.

ಅಂದು ಬೆಳಿಗ್ಗೆ ಆತಿರ ಮೊದಲನೇ ಬಸ್ಸಿಗೇ ಬಂದಿಳಿದಳು. ಮೊದಲು ನೆರೆಹೊರೆ. ಆಚೆ ಮನೆಯ ಕಾಳನ್, ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದು ಜಗದೀಶರ ಜೊತೆಗೇ ನಿವೃತ್ತಿಯಾದವನು, ಚೆಕ್‌ಪೋಸ್ಟಿನ ಚಹಾದಂಗಡಿಯ ಬೆಂಚಿನಲ್ಲಿ ಅವರ ಖಾಯಂ ಜೊತೆಗಾರ, ಬೇಲಿಯ ಮೇಲೆ ಕೈಯಿಟ್ಟು ನಿಂತಿದ್ದ.

"ಚೇಟಾ, ಸೋಮನ್ ಅನ್ನೋರನ್ನ ಅರಿಯೂದುಂಟಾ?"

ಕಾಳನ್ ಜಗದೀಶರ ಮುಖ ನೋಡಿದ. ಜಗದೀಶ್ ಆಕಾಶ ನೋಡಿದರು.

"ಸೋಮನಾ?" ಅಂದ ಕಾಳನ್. "ಗೊತ್ತಿಲ್ದೆ ಏನು! ನಮ್ಮ ಮುತ್ತಜ್ಜನ ಮೀನು ಬಲೆ ತಗೊಂಡು ಹೋದೋನು. ನಾಳೆ ಕೊಡ್ತೀನಿ ಅಂದಿದ್ದ. ಎಲ್ಲಿ ಬಲೆ?"

ಆತಿರಳ ಮುಖ ಅರಳಿತು. ನಿಯಮಾವಳಿಯ ಪ್ರಕಾರ ಒಬ್ಬ ವ್ಯಕ್ತಿಯ ಬಗ್ಗೆ ಹೊಗಳಿಕೆ ಇದ್ದರೆ ಅದು ಊಹೆ. ದೂರು ಇದ್ದರೆ ಅದು ಸಾಕ್ಷ್ಯ. 'ಸದರಿ ಸೋಮನ್ ವಾಸವಿದ್ದರು. ಬಲೆ ಬಾಕಿ' ಎಂದು ಬರೆದುಕೊಂಡಳು.

"ಏನೋ ಕಾಳಾ ಇದು?" ಎಂದು ಜಗದೀಶ್ ಪಿಸುಗುಟ್ಟಿದರು.

"ನೀವು ಅಜ್ಜನ್ನ ತಂದ್ರಿ, ನಾನು ಬಲೆ ತಂದೆ," ಅಂದ ಕಾಳನ್. "ನೈಲಾನಿಂದೇ ಆಗ್ಲಿ. ಸಣ್ಣ ಕಣ್ಣಿಂದು."

ಆಮೇಲೆ ಕುಟುಂಬದ ಹೇಳಿಕೆ. ಆತಿರ ಕುಸುಮಾರನ್ನು ಕೂರಿಸಿಕೊಂಡು, "ಚೇಚಿ, ಅರ್ಜಿದಾರರ ಹೆಸರು?" ಎಂದು ಕೇಳಿದಳು.

ಕುಸುಮಾ ಸೆರಗು ಸರಿಮಾಡಿಕೊಂಡರು. "ಇವರು."

"ಹೆಸರು ಹೇಳಿ."

"ಅಯ್ಯೋ, ಇಲ್ಲೇ ನಿಂತಿದ್ದಾರಲ್ಲಮ್ಮ. ನಮ್ಮನೆಯವರು."

ಮದುವೆಯಾದ ದಿನದಿಂದ ಇವತ್ತಿನವರೆಗೆ ಕುಸುಮಾ ಗಂಡನ ಹೆಸರು ಬಾಯಲ್ಲಿ ಹೇಳಿದವರಲ್ಲ. ಅದೇ ಹೆಸರಿನ ಕಿರಾಣಿ ಅಂಗಡಿಯವನನ್ನೂ 'ಬೆಲ್ಲದಂಗಡಿಯವನು' ಎಂದೇ ನಿಭಾಯಿಸಿದ್ದರು. "ಅರ್ಜಿಯಲ್ಲಿ ಬರ್ದಿದೆಯಲ್ಲಮ್ಮ," ಎಂದು ಜಗದೀಶ್ ಬಾಯಿ ಹಾಕಿದರು.

"ಅರ್ಜಿ ಬೇರೆ, ಮಹಜರು ಬೇರೆ ಸಾರೇ. ಎರಡೂ ಒಂದಕ್ಕೊಂದು ಒಪ್ಪದಿದ್ರೆ ಸ್ಥಳದಲ್ಲಿ ಕಂಡದ್ದೇ ಅಂತಿಮ." ಆತಿರ ದುಂಡಗೆ ಬರೆದಳು: 'ಅರ್ಜಿದಾರರು: ನಮ್ಮನೆಯವರು.'

ಎಲೆ ಹಾಸಿದ್ದಾಯಿತು. ಕೊನೆಯ ಎಲೆಯಲ್ಲಿ ಹುರುಳಿ ಸಾರು ಹೊಗೆಯಾಡುತ್ತಿತ್ತು. ಒಪ್ಪಿಗೆ ಪತ್ರವನ್ನು ಅದರ ಪಕ್ಕದಲ್ಲೇ ಕಲ್ಲು ಹೇರಿ ಇಡಲಾಯಿತು. ಶಿವಮ್ಮ ಮಾತ್ರ ಜಗಲಿಯಿಂದ ಇಳಿಯಲಿಲ್ಲ.

"ಸೋಮನ್ ಅನ್ನೋದು ನಮ್ಮ ಕಡೆ ಹೆಸರೇನೋ? ನಂಗೆ ಮೋಸ ಮಾಡ್ತಿದ್ದೀಯಾ?"

ತೂಕದಲ್ಲಿ ಮೋಸ ಮಾಡಿದವರನ್ನು ಜಗದೀಶ್ ಜೀವನಪೂರ್ತಿ ಹಿಡಿದಿದ್ದರು. ಅತ್ತೆಯ ಕಣ್ಣು ಆ ತಕ್ಕಡಿಗಳಿಗಿಂತ ಸೂಕ್ಷ್ಮವಾಗಿತ್ತು. "ಸರ್ಕಾರ ಕೊಟ್ಟಿದ್ದು ಅತ್ತೆ. ತಾತ್ಕಾಲಿಕ. ಕರೆದು ನೋಡಿ. ಬರದಿದ್ರೆ ವಾಪಸ್ ಮಾಡಬಹುದು."

ಶಿವಮ್ಮ ಗೋಡೆ ಹಿಡಿದು ಮೆಲ್ಲಗೆ ಇಳಿದು ಬಂದು, ಬೇರೆಯವರನ್ನೆಲ್ಲ ಬಿಟ್ಟು ಮೊದಲು ಅವರನ್ನೇ ಕರೆದರು.

"ಸೋಮಣ್ಣ ತಾತಾ... ನಾನು ಶಿವಿ. ನಿಮ್ಮ ಮೊಮ್ಮಗಳು. ಬನ್ನಿ, ಉಣ್ಣಿ."

ಮಾಡಿನ ಮೇಲಿದ್ದ ಕಾಗೆ ಕತ್ತು ವಾಲಿಸಿತು. ಚೆಕ್‌ಪೋಸ್ಟಿನ ಲಾರಿಗಳು ಕೂಡ ಹಾರ್ನ್ ಮಾಡದೆ ಕಾಯುತ್ತಿರುವ ಹಾಗಿತ್ತು. ಕಾಗೆ ಇಳಿಯಿತು. ಒಬ್ಬಟ್ಟಿನ ಎಲೆ ದಾಟಿತು, ಕೋಳಿ ಸಾರಿನ ಎಲೆ ದಾಟಿತು, ನೇರವಾಗಿ ಹುರುಳಿ ಸಾರಿಗೆ ಕಾಲಿಟ್ಟಿತು. ಸಾರಿನ ಪಕ್ಕದಲ್ಲಿ ಈ ವರ್ಷ ಹುರಿದ ಒಣಮೀನು ಒಂದು ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಕುಸುಮಾ ಸೆರಗಿನಿಂದ ಕೈ ಒರೆಸಿಕೊಂಡು ಬೇರೆ ಕಡೆ ನೋಡುತ್ತಿದ್ದರು. ಕಾಗೆ ಮೀನು ಕಚ್ಚಿಕೊಂಡು, ಸಾರಿನ ಕಾಲಲ್ಲೇ ಒಪ್ಪಿಗೆ ಪತ್ರದ ಮೇಲೆ ಹಾದು, ಹಾರಿತು.

ಆತಿರ ಓಡಿಬಂದು ಕಾಗದ ಎತ್ತಿ ಬೆಳಕಿಗೆ ಹಿಡಿದಳು. ಹೆಜ್ಜೆ ಸಹಿಯ ಜಾಗದಲ್ಲೇ ಬಿದ್ದಿತ್ತು. ಕೆಳಗೆ ದೃಢೀಕರಿಸಿದಳು: 'ಸೋಮನ್ ಅವರ ಎಡಗಾಲಿನ ಗುರುತು, ನನ್ನ ಸಮಕ್ಷಮ ಒತ್ತಿದ್ದು.'

"ಬಂದ್ರು!" ಎಂದು ಶಿವಮ್ಮ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದರು. "ಹೆಸರು ಹಿಡಿದು ಕರೆದ್ರೆ ಬರದೇ ಇರ್ತಾರಾ! ಹಾಕೇ ಕುಸುಮಾ, ನಂಗೂ ಎರಡು ಸೌಟು ಹುರುಳಿ ಸಾರು ಹಾಕು." ಆತಿರ ಮೂರು ಸಲ ಹಾಕಿಸಿಕೊಂಡಳು. ಕಾಳನ್ ಬಲೆಯ ಅಳತೆ ಹೇಳುತ್ತ ಉಂಡ.

ಇನ್ನು ದಾಖಲೆ ನೋಡಲು ಪ್ರವೇಶಪತ್ರ ಬರುತ್ತದೆಂದು ಜಗದೀಶ್ ಸೀಸದಕಡ್ಡಿಗಳನ್ನು ಮತ್ತೆ ಚೂಪು ಮಾಡಿದರು. ಬಂದದ್ದು ಆದೇಶ: 'ಪೂರ್ವಜರ ಹೆಸರು ತಿಳಿದುಬಂದಿರುವುದರಿಂದ ಅದನ್ನು ಹುಡುಕುವ ಅವಶ್ಯಕತೆ ಇರುವುದಿಲ್ಲ. ಪ್ರವೇಶ ನಿರಾಕರಿಸಿ ಕಡತವನ್ನು ಶಾಶ್ವತ ದಾಖಲೆಯಾಗಿ ಸಂರಕ್ಷಿಸಲಾಗಿದೆ. ಹೆಸರು ಚಾಲ್ತಿಯಲ್ಲಿರಲು ಸದರಿ ಸೋಮನ್ ಮೃತರಾಗಿಯೇ ಮುಂದುವರಿದಿದ್ದಾರೆಂದು ಪ್ರತಿ ವರ್ಷ ದೃಢೀಕರಿಸತಕ್ಕದ್ದು.'

ಜಗದೀಶರಿಗೆ ಇದರಲ್ಲಿ ಅನುಕೂಲವೇ ಕಂಡಿತು. ಪಿಂಚಣಿದಾರರಾದ ಅವರು ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ತೋರಿಸಲು ಹೇಗೂ ಖಜಾನೆಗೆ ಹೋಗುವವರು. ಅದೇ ಬಸ್ಸಿನಲ್ಲಿ ಮುಂದೆ ಹೋಗಿ, ಮುತ್ತಾತ ಸತ್ತಿದ್ದಾರೆಂದು ತೋರಿಸಿ ಬರತೊಡಗಿದರು.

"ವಿಶೇಷ ಏನಾದ್ರೂ ಉಂಟಾ ಸಾರೇ?" ಎಂದು ಆತಿರ ಕೇಳುತ್ತಾಳೆ.

"ಏನಿಲ್ಲಮ್ಮ. ಹಾಗೇ ಇದ್ದಾರೆ."

ಅವಳು ಮುದ್ರೆ ಒತ್ತುತ್ತಾಳೆ. ಶಾಶ್ವತ ದಾಖಲೆಯಲ್ಲಿ ಅರ್ಜಿದಾರರ ಹೆಸರನ್ನು ಸರಿಪಡಿಸಬಹುದೇ ಎಂದು ಅವರು ಒಮ್ಮೆ ವಿಚಾರಿಸಿದ್ದುಂಟು. ಸರಿಪಡಿಸಬಹುದು, ಕುಸುಮಾ ಚೇಚಿ ಬಂದು ಬಾಯಿಬಿಟ್ಟು ಹೇಳಿದರೆ ಸಾಕು ಎಂದು ಉತ್ತರ ಬಂತು. ಮನೆಗೆ ಬಂದು ಹೇಳಿದಾಗ ಕುಸುಮಾ ನಾಚಿ ಒಳಗೆ ಹೋದರು. ಜಗದೀಶರೂ ಒತ್ತಾಯಿಸಲಿಲ್ಲ. ಮುಂದೊಂದು ದಿನ ಯಾವನೋ ಮರಿಮೊಮ್ಮಗ ಭೂತಗನ್ನಡಿ ಹಿಡಿದು ತಮ್ಮನ್ನು ಹುಡುಕಿಕೊಂಡು ಕಲ್ಪೆಟ್ಟಕ್ಕೆ ಹೋಗುವುದನ್ನು, ಎರಡನೇ ಭೇಟಿಗಾಗಿ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುವುದನ್ನು ನೆನೆದು ಅವರಿಗೆ ಒಳಗೊಳಗೇ ಖುಷಿಯಾಯಿತು.

"ಹೆಸರು ಹೋಗ್ಲಿ ಬಿಡೇ," ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು. "ನನ್ನ ಎಲೆಗೆ ಹೊಳೆಮೀನಿನ ಸಾರು ಅಂತ ಮಾತ್ರ ಮಕ್ಕಳಿಗೆ ಹೇಳಿಟ್ಟಿರು. ಹುಳಿ ಸ್ವಲ್ಪ ಮುಂದಾಗಿ."

ಮೀನು ಆಚೆ ಮನೆಯಿಂದ ದಂಡಿಯಾಗಿ ಬರುತ್ತಿತ್ತು. ಕಾಳನ್‌ಗೆ ಸೋಮನ್ ವಾಪಸ್ ಕೊಟ್ಟ ಬಲೆ ಬಹಳ ಚೆನ್ನಾಗಿತ್ತು.