ಬೀಗರ ಶಬ್ದಕ್ಕಿಂತ ಉದ್ದದ ಶಬ್ದ

ಫೋಂಡಾ, ಗೋವಾ
ಫೆಬ್ರುವರಿ 2006

ಇಂಗ್ಲಿಷ್ ದಿನಪತ್ರಿಕೆಯಲ್ಲಿ ಶಬ್ದದಾಟದ ಅಂಕಣ ನಡೆಸುವ ಮಾನ್ಯರೇ,

ತಮಗೂ, ತಮ್ಮ ಮನೆಯ ಹಿರಿಯರಿಗೂ, ತಮ್ಮ ಮೇಜಿನ ಮೇಲೆ ಇರಬಹುದೆಂದು ನಾನು ನಂಬಿರುವ ದಪ್ಪ ನಿಘಂಟಿಗೂ ಶರಣು. ತಮಗೆ ಕನ್ನಡ ಬಾರದೆಂದು ಗೊತ್ತಿದ್ದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೈಸ್ಕೂಲಿಗೇ ಓದು ನಿಲ್ಲಿಸಿದ ನಾನು ತಮ್ಮ ಇಂಗ್ಲಿಷಿನಿಂದ ಪಟ್ಟ ಪಾಡಿನಲ್ಲಿ ಒಂದು ಚೂರು ತಮಗೂ ಸಿಗಲಿ. ಯಾರನ್ನಾದರೂ ಕರೆದು ಓದಿಸಿಕೊಳ್ಳಿ.

ಮಡ್ಕಯಿಯ ಕಾರ್ಖಾನೆಗಳ ಎದುರು ನನ್ನದೊಂದು ರೊಟ್ಟಿ ಖಾನಾವಳಿ ಇದೆ. ತಮ್ಮ ಪತ್ರಿಕೆಯನ್ನು ತರಿಸುವುದು ರೊಟ್ಟಿ ಸುತ್ತಿಕೊಡುವುದಕ್ಕೆ. ಹಾಳೆ ಅಗಲ, ಮಸಿ ಕೈಗೆ ಹತ್ತುವುದಿಲ್ಲ. ಈ ಎರಡು ಗುಣಗಳನ್ನು ಎಲ್ಲರ ಮುಂದೆ ಹೊಗಳುತ್ತೇನೆ. ಆದರೆ ರೊಟ್ಟಿಗೆ ಹೋಗುವ ಮೊದಲು ಆ ಹಾಳೆ ನಮ್ಮ ಗಿರಾಕಿ ಕಂಠೆಪ್ಪನವರ ಕೈಗೆ ಹೋಗುತ್ತದೆ. ಕಾರ್ಖಾನೆಯ ಸ್ಟೋರು ನೋಡಿಕೊಳ್ಳುವ ಅವರು, ತಮ್ಮ ಅಂಕಣ ಕೊಟ್ಟ ನಾಲ್ಕಾರು ಅಕ್ಷರಗಳೆಲ್ಲ ಇರುವ ಅತಿ ಉದ್ದದ ಶಬ್ದವನ್ನು ಹುಡುಕದೆ ಚಹಾ ಮುಗಿಸುವವರಲ್ಲ.

ಅವರ ಮಗ ಶಂಕರಲಿಂಗನಿಗೆ ನನ್ನ ಮಗಳು ನಂದಾಳನ್ನು ಕೇಳಿದರು. ಹೋದ ಭಾನುವಾರ ಹೆಣ್ಣು ನೋಡಲು ಬಂದರು. ಹುಡುಗಿ ಮೂಕಿಯಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಏನಾದರೂ ಓದಿಸುವುದು ನಮ್ಮವರ ಪದ್ಧತಿ. ಕಂಠೆಪ್ಪನವರು ತಮ್ಮ ಪತ್ರಿಕೆಯ ಶಬ್ದದಾಟವನ್ನೇ ಮುಂದಿಟ್ಟರು. ಆರ್, ಎಸ್, ಪಿ, ಬಿ, ಎನ್.

"ಇದರಾಗಿಂದು ಉದ್ದನ್ನ ಶಬ್ದ ಹೇಳವಾ. ನನಗಂತೂ ಸಿಕ್ಕೈತಿ, ರೆಸ್ಪಾನ್ಸಿಬಿಲಿಟಿ. ಇದಕ್ಕಿಂತ ಉದ್ದಂದು ಇಲ್ಲ."

ನಂದಾ ತಲೆ ತಗ್ಗಿಸಿಯೇ ಇದ್ದಳು. ಸೆರಗೂ ಸರಿಯಾಗಿಯೇ ಇತ್ತು. "ಐತ್ರಿ ಮಾವಾರ. ಇರ್ರೆಸ್ಪಾನ್ಸಿಬಿಲಿಟಿ," ಎಂದಳು.

"ಹಂಗಂದ್ರ ಏನ?" ಎಂದು ನನ್ನ ಅಣ್ಣ ಅಪ್ಪಾಸಾಬ ಚುರುಮುರಿ ಬಾಯಲ್ಲಿಟ್ಟುಕೊಂಡೇ ಕೇಳಿದ. ಅವನು ಕೇಳದಿದ್ದರೆ ನಡೆಯುತ್ತಿತ್ತು.

"ಬೇಜವಾಬ್ದಾರಿ, ಮಾಮಾ."

ಕಂಠೆಪ್ಪನವರು ತಾಟು ಕೆಳಗಿಟ್ಟರು. "ನಾ ಜವಾಬ್ದಾರಿ ಅಂದ್ರ ನೀ ಬೇಜವಾಬ್ದಾರಿ ಅಂತಿ? ನಾಳಿ ಪೇಪರ್ ಬರ್ಲಿ. ಅದರಾಗ ಇದ್ರ ಅದು ಶಬ್ದ, ಇಲ್ದಿದ್ರ ಸೊಕ್ಕು."

ಮರುದಿನ ತಾವು ಉತ್ತರ ಅಚ್ಚು ಹಾಕಿದಿರಿ: ರೆಸ್ಪಾನ್ಸಿಬಿಲಿಟಿ. ಇದಕ್ಕಿಂತ ಉದ್ದದ್ದು ಇಲ್ಲವೆಂದೂ ಹೇಳಿದಿರಿ. ತಮ್ಮ ವಿದ್ವತ್ತು ಎಷ್ಟು ದೊಡ್ಡದೆಂದರೆ, ಶಬ್ದದ ಹಿಂದೆ ಕುಳಿತ ಅಕ್ಷರಗಳನ್ನು ನೋಡಿದ ತಮಗೆ ಅದರ ಮುಂದೆ ಕೂರಬಹುದಾದ ಎರಡು ಅಕ್ಷರ ಕಾಣಲಿಲ್ಲ. ಕಂಠೆಪ್ಪನವರು ಆ ಹಾಳೆಯನ್ನು ಕಾರ್ಖಾನೆಯ ಗೇಟಿಗೆ ಅಂಟಿಸಿ ಸಂಬಂಧ ಮುರಿದರು.

ನಾನು ಮಗಳಿಗೆ, "ಗೆಲ್ಲೂದ ಇದ್ರ ಅಕ್ಕಿಕಾಳು ಬಿದ್ದ ಮ್ಯಾಲ ಗೆಲ್ಲಬೇಕಿತ್ತು," ಎಂದು ಬೈದೆ. ಹುಡುಗ ಅವಳ ಮನಸ್ಸಿಗೆ ಬಂದಿದ್ದಾನೆ. ಅದನ್ನವಳು ಬಾಯಿಬಿಟ್ಟು ಹೇಳಿಲ್ಲ; ದಿನವೂ ನನ್ನ ರೊಟ್ಟಿ ಸುಟ್ಟು ಹೇಳುತ್ತಿದ್ದಾಳೆ.

ಆದ್ದರಿಂದ ಮಾನ್ಯರೇ, ತಾವು ಮೊದಲ ಪುಟದಲ್ಲಿ, ಮಂತ್ರಿಗಳ ಚಿತ್ರದ ಮೇಲುಗಡೆ, ಜವಾಬ್ದಾರಿಗಿಂತ ಬೇಜವಾಬ್ದಾರಿಯೇ ಉದ್ದವೆಂದು ತಿದ್ದುಪಡಿ ಹಾಕಬೇಕು. ಮನೆ ನಡೆಸಿದ ಹೆಂಗಸರಿಗೆಲ್ಲ ಇದು ನಿಘಂಟು ತೆರೆಯದೆಯೇ ಗೊತ್ತು. ಇನ್ನು ಮುಂದೆ ಹೆಣ್ಣು ನೋಡುವ ಮುಹೂರ್ತಗಳಂದು, ಗಂಡಿನ ತಂದೆಗಷ್ಟೇ ಹೊಳೆಯುವಂಥ ಅಕ್ಷರಗಳನ್ನು ಕೊಡಬೇಕು. ಪಂಚಾಂಗ ಬೇಕಿದ್ದರೆ ನಾನೇ ಕಳಿಸುತ್ತೇನೆ.

ಇಷ್ಟು ಬರೆದು ಎದ್ದಿದ್ದೆ. ಮಧ್ಯಾಹ್ನ, ಸಂಬಂಧ ಬಿಟ್ಟರೂ ರೊಟ್ಟಿ ಬಿಡದ ಕಂಠೆಪ್ಪನವರು ಊಟಕ್ಕೆ ಕುಳಿತಿದ್ದಾಗ ಶಂಕರಲಿಂಗ ಒಳಗೆ ಬಂದ. ಹೆಣ್ಣು ನೋಡಲು ಬಂದಾಗ "ಹೂಂ" ಬಿಟ್ಟು ಬೇರೆ ಶಬ್ದ ಆಡದವನು, ತಂದೆಯೆದುರು ನಿಂತು, "ಅಪ್ಪಾ, ನಿಂದೂ ಸಣ್ಣದು, ನಂದಾ ಅವರದೂ ಸಣ್ಣದು. ಇನ್‌ಕಾಂಪ್ರಿಹೆನ್ಸಿಬಿಲಿಟಿ. ಅಂದ್ರ ಯಾರಿಗೂ ತಿಳೀಲಾರದ್ದು," ಎಂದ.

"ಪೇಪರ್ನ್ಯಾಗ ಐತೇನು?"

"ಇಲ್ಲಪಾ. ಅಂದ್ರ ನಂದೂ ಸೊಕ್ಕ. ಸೊಕ್ಕಿನವ್ರಿಬ್ರೂ ಒಂದ ಮನ್ಯಾಗ ಇರ್ತೀವಿ ಬಿಡು."

ಒಲೆಯ ಮುಂದೆ ನಂದಾಳ ರೊಟ್ಟಿ ಬಡಿತ ನಿಂತಿತು. ಕಂಠೆಪ್ಪನವರು ಬೆರಳ ಮೇಲೆ ಅಕ್ಷರ ಎಣಿಸಿದರು, ಮತ್ತೊಮ್ಮೆ ಎಣಿಸಿದರು, ಆಮೇಲೆ ನನ್ನತ್ತ ನೋಡದೆಯೇ, "ಯಲ್ಲವ್ವಾರ, ಸಕ್ರಿ ತರಸ್ರಿ," ಎಂದರು. ಆ ಹೊತ್ತಿನ ರೊಟ್ಟಿ ಒಂದೂ ಸುಡಲಿಲ್ಲ.

ತಮ್ಮ ಹಾಳೆಯ ಅಗಲವನ್ನು ಎಂದೂ ಮರೆಯದ,
ತಮ್ಮ ವಿಶ್ವಾಸಿ,
ಯಲ್ಲವ್ವ
ರೊಟ್ಟಿ ಖಾನಾವಳಿ, ಮಡ್ಕಯಿ

ತಾ.ಕ.: ಮೇಲೆ ಕೇಳಿದ ತಿದ್ದುಪಡಿ ಸದ್ಯಕ್ಕೆ ಬೇಡ. ಪತ್ರಿಕೆಯ ಪ್ರಕಾರ ಗೆದ್ದವನು ನಾನೇ ಎಂಬ ಹುರುಪಿನಲ್ಲಿ ಬೀಗರು ಚಪ್ಪರ, ಅಡುಗೆ, ವಾಲಗ ಎಲ್ಲದರ ರೆಸ್ಪಾನ್ಸಿಬಿಲಿಟಿಯನ್ನೂ ತಾವೇ ಹೊತ್ತುಕೊಂಡಿದ್ದಾರೆ. ಮದುವೆ ಮುಗಿಯುವತನಕ ತಾವು ದಯವಿಟ್ಟು ತಪ್ಪಾಗಿಯೇ ಇರಬೇಕು. ತಮಗೆ ಅದು ಕಷ್ಟವಾಗಲಾರದೆಂದು ನಂಬಿದ್ದೇನೆ.