ಲಾರಿ ಸುಮ್ಮನಾದರೆ ಭಾವ ಬೆವರುತ್ತಾರೆ

ನಮ್ಮ ಭಾವನಿಗೆ ಚಿರತೆ ಎದುರು ಬಂದರೂ ಹೆದರಿಕೆಯಿಲ್ಲ. ಲಾರಿ ಸುಮ್ಮನಾದರೆ ಮಾತ್ರ ಕೈಕಾಲು ತಣ್ಣಗಾಗುತ್ತವೆ! ನಂಬಿಕೆ ಬರಲಿಲ್ಲವೇ? ಅವರ ಪಕ್ಕ ಒಂದು ಮಧ್ಯಾಹ್ನ ಕೂತು ನೋಡಿ.

ಭಾವ ಅಂದರೆ ನನ್ನಕ್ಕನ ಗಂಡ. ಮನೆ ಶಿಕಾರಿಪುರದಲ್ಲಿ; ಶುಂಠಿ ಮಂಡಿಯವರ ಲಾರಿ ಓಡಿಸುತ್ತಾರೆ. ಹಳೇ ಲಾರಿಯಿದ್ದಾಗ ಅವರದೊಂದು ವ್ರತವಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದ ಇಂಜಿನ್ನನ್ನು ಕೆಲಸ ಮುಗಿಯುವವರೆಗೆ ಬಂದ್ ಮಾಡಬಾರದು. ಮಾಡಿದರೆ ಅರ್ಧ ಬೀದಿಯವರು ಬಂದು ತಳ್ಳಬೇಕಲ್ಲ! ಊಟಕ್ಕೆ ಬಂದಾಗಲೂ ಅದು ಮನೆ ಮುಂದೆ ಗಡಗಡ ಅನ್ನುತ್ತಲೇ ಇರುತ್ತಿತ್ತು. ಅಡುಗೆಮನೆಯ ಲೋಟಗಳು ಕುಣಿಯುತ್ತಿದ್ದವು, ಅಂಗಳದ ಹಪ್ಪಳಕ್ಕೆ ಡೀಸೆಲ್ ಒಗ್ಗರಣೆ ಬೀಳುತ್ತಿತ್ತು. ಅಕ್ಕ ಹೊಸ್ತಿಲಲ್ಲಿ ನಿಂತು ಏನೋ ಹೇಳುವುದು, ಭಾವ ಲಾರಿಯ ಸೀಟಿನಿಂದಲೇ ಕಿವಿಗೆ ಕೈಯಿಟ್ಟು "ಹಾಂ?" ಅನ್ನುವುದು.

"ಒಂದ್ಗಳಿಗೆ ಅದನ್ನ ಬಂದ್ ಮಾಡ್ರೀ, ಮಾತು ಕೇಳಂಗಿಲ್ಲ."

"ಹಾಂ?"

ಅವರ ಸಂಸಾರದ ಅರ್ಧ ಮಾತು ಹೀಗೆ ಹೊಗೆಯಲ್ಲೇ ಹೋಯಿತು.

ಹೋದ ವರ್ಷ ಅಕ್ಕ ತೀರಿಕೊಂಡಳು. ಸ್ವಲ್ಪ ದಿನಕ್ಕೆ ಮಂಡಿಗೆ ಹೊಸ ಲಾರಿ ಬಂತು. ಬ್ರೇಕ್ ಒತ್ತಿ ನಿಂತರೆ ಅದರ ಇಂಜಿನ್ ತಾನೇ ಬಂದ್ ಆಗುತ್ತದೆ, ಕಾಲೆತ್ತಿದರೆ ತಾನೇ ಶುರುವಾಗುತ್ತದೆ. ಡೀಸೆಲ್ ಉಳಿಸುವ ಉಪಾಯ. ಮೊದಲ ದಿನವೇ ಅಂಜನಾಪುರದ ಹತ್ತಿರ ಕುರಿಮಂದೆ ಅಡ್ಡ ಬಂದು ಲಾರಿ ಸುಮ್ಮನಾಯಿತು. ಭಾವ ಕುರಿಯವನನ್ನೇ ತಳ್ಳಲು ಕರೆದರಂತೆ. ಅವನು ಹಿಂದಿನಿಂದ ಹೆಗಲು ಕೊಟ್ಟ, ಇವರು ಬ್ರೇಕ್ ಬಿಟ್ಟರು, ಇಂಜಿನ್ ಗುರ್ ಅಂದಿತು! ಅಷ್ಟು ದೊಡ್ಡ ಲಾರಿಯನ್ನು ಒಂದೇ ಹೆಗಲಲ್ಲಿ ಎಬ್ಬಿಸಿದೆ ಅಂತ ಆ ಮನುಷ್ಯ ಇಂದಿಗೂ ನಂಬಿದ್ದಾನೆ.

ಭಾವ ನಂಬಿದ್ದೇ ಬೇರೆ. ಲಾರಿಯಲ್ಲಿ ಯಾರೋ ಇದ್ದಾರೆ! ಚಕ್ರಕ್ಕೆ ನಿಂಬೆಹಣ್ಣಾಯಿತು, ಊದಿನಕಡ್ಡಿಯಾಯಿತು. ಪಕ್ಕದ ಸೀಟಿನಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ. ಈ ತಾನೇ ಬಂದ್ ಆಗುವುದನ್ನು ತೆಗೆಸದಿದ್ದರೆ ಗಾಡಿಯನ್ನೇ ಬಿಡುತ್ತೇನೆ ಅಂತ ಮಂಡಿಯಲ್ಲಿ ಹಟ ಹಿಡಿದರು. ಕೊನೆಗೆ ಅದನ್ನು ತೆಗೆಯಲು ಮೆಕ್ಯಾನಿಕ್ ಮನೆಗೆ ಬರುವ ದಿನ ನಿಗದಿಯಾಯಿತು.

ಅದರ ಹಿಂದಿನ ದಿನ ಭಾವನ ಮನೆಗೆ ಹೋಗಲು ನಾನು ಹೊಸಬಾಳೆಯಿಂದ ಆ ಲಾರಿ ಹತ್ತಿದೆ. ನನ್ನನ್ನು ಸೀಟಿನ ಹಿಂದೆ, ಮಲಗುವ ಹಲಗೆಯ ಮೇಲೆ ಕೂರಿಸಿದರು. ಕ್ಯಾಸನೂರಿನಲ್ಲಿ ಶುಂಠಿ ತುಂಬಿಸಿ ಹೊರಟರೆ ಕಾಡಿನಂಚಿನಲ್ಲಿ ಒಂದು ದನ ಅಡ್ಡ ನಿಂತಿತ್ತು. ಭಾವ ಬ್ರೇಕ್ ಒತ್ತಿದರು. ಇಂಜಿನ್ ನಿಂತಿತು.

ಅಂಥ ಮೌನವನ್ನು ನಾನು ಕೇಳಿಯೇ ಇರಲಿಲ್ಲ. ಸುಡು ಮಧ್ಯಾಹ್ನ, ಒಂದು ಎಲೆ ಅಲ್ಲಾಡಲಿಲ್ಲ, ಒಂದು ಹಕ್ಕಿ ಕೂಗಲಿಲ್ಲ. ದನ ಭಾವನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಖಾಲಿ ಸೀಟನ್ನು ನೋಡುತ್ತ ನಿಂತಿತ್ತು. ಭಾವನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಎಷ್ಟು ಹೊತ್ತೋ. ಇದ್ದಕ್ಕಿದ್ದಂತೆ ಲಾರಿ ನಡುಗಿ ಶುರುವಾಯಿತು!

"ನೋಡೇ," ಭಾವ ಪಿಸುಗುಟ್ಟಿದರು, "ನಾನು ಕಾಲು ಎತ್ತೇ ಇಲ್ಲ."

ದನ ಓಡಿತು. ನನಗೆ ಓಡಲು ಜಾಗವಿರಲಿಲ್ಲ.

ಮರುದಿನ ಬೆಳಗ್ಗೆ ಮೆಕ್ಯಾನಿಕ್ ಭಾವನ ಮನೆಯ ಕಟ್ಟೆಯ ಮೇಲೆ ಕೂತು ನನಗೆ ಬಿಡಿಸಿ ಹೇಳಿದ. ಬ್ರೇಕಿನ ಟ್ಯಾಂಕಿನಲ್ಲಿ ಗಾಳಿ ಕಡಿಮೆಯಾದರೆ, ಅದನ್ನು ತುಂಬಿಸಲು ಇಂಜಿನ್ ತಾನೇ ಏಳುತ್ತದಂತೆ. ಇಷ್ಟೇನಾ! ನಗುತ್ತ ಚಹಾ ತರಲು ಒಳಗೆ ಹೋದೆ. ಅಷ್ಟರಲ್ಲಿ, ಮಂಡಿಯಲ್ಲಿ ಶುಂಠಿ ಇಳಿಸಲು ಹೋಗಿದ್ದ ಭಾವನ ಲಾರಿ ಬಂದು ಮನೆ ಮುಂದೆ ನಿಂತಿತು. ಲೋಟಗಳು ಒಮ್ಮೆ ಕುಣಿದು ಸುಮ್ಮನಾದವು.

ಚಹಾ ಹಿಡಿದು ಬಂದವಳು ಬಾಗಿಲ ಪರದೆಯ ಹಿಂದೆಯೇ ನಿಂತೆ. ಭಾವ ಸ್ಟೇರಿಂಗ್ ಹಿಡಿದು ಖಾಲಿ ಹೊಸ್ತಿಲನ್ನೇ ನೋಡುತ್ತಿದ್ದರು. ಮುಖದಲ್ಲಿ ಬೆವರಿರಲಿಲ್ಲ.

"ಹಾಂ," ಅಂದರು ಮೆತ್ತಗೆ, "ಈಗ ಹೇಳು."

ಮೆಕ್ಯಾನಿಕ್ ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ಹತ್ತಿರ ಹೋದ. ಭಾವ ಅವನತ್ತ ತಿರುಗದೆಯೇ, ಅದು ಹಂಗೇ ಇರ್ಲಿ ಬಿಡ್ರಿ ಅಂದರು. ಹೇಳಿ ಮುಗಿಸುವಷ್ಟರಲ್ಲಿ ಗಾಳಿ ಇಳಿದು ಇಂಜಿನ್ ತಾನೇ ಗಡಗಡ ಶುರುವಾಯಿತು.

ಭಾವ ಕೈ ಚಾಚಿ, ತಾವೇ ಕೀಲಿ ತಿರುಗಿಸಿ, ಅದನ್ನು ಬಂದ್ ಮಾಡಿದರು.